ಕೇಂದ್ರದ ಕೈ ಮೇಲೋ, ರಾಜ್ಯದ ಕೈ ಮೇಲೋ? ಒಕ್ಕೂಟ ವ್ಯವಸ್ಥೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೇಂದ್ರ ಮತ್ತು ರಾಜ್ಯಗಳ ಅಧಿಕಾರದ ಮಾತು ಬಂದಾಗ ಸಾಮಾನ್ಯವಾಗಿ ಎಲ್ಲರೂ ಸಂವಿಧಾನದ ಪಟ್ಟಿಗಳನ್ನು ಮುಂದಿಡುತ್ತಾರೆ. ಇದು ಕೇಂದ್ರದ್ದು, ಅದು ರಾಜ್ಯದ್ದು ಅಂತ. ಪಟ್ಟಿ ಬೇಕು, ನಿಜ. ಆದರೆ ಯಾರ ಮಾತು ನಡೆಯುತ್ತದೆ ಎಂಬುದು ಜಾಸ್ತಿ ನಿಂತಿರುವುದು ಬೇರೆ ಮೂರು ಸಂಗತಿಗಳ ಮೇಲೆ. ತೆರಿಗೆ ಹಣ ಮೊದಲು ಯಾರ ಖಜಾನೆಗೆ ಹೋಗುತ್ತದೆ? ಜಗಳ ಬಂದರೆ ತೀರ್ಪು ಕೊಡುವವರು ಯಾರು? ದೇಶದ ಕಾನೂನು ತಯಾರಾಗುವಾಗ ರಾಜ್ಯಗಳಿಗೆ ಮಾತಾಡುವ ಜಾಗ ಇದೆಯಾ? ಕೆಳಗಿನ ಉತ್ತರಗಳಲ್ಲಿ ಹಣದ ವಿಷಯಕ್ಕೆ ಬೇಕಂತಲೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ದೇಶದಲ್ಲಿ ರಾಜ್ಯಗಳಿದ್ದರೆ ಅದು ಒಕ್ಕೂಟ ಆಯಿತಲ್ಲ?

ಅಷ್ಟು ಸಾಲದು. ರಾಜ್ಯದ ಅಧಿಕಾರ ಎಲ್ಲಿಂದ ಬಂತು ಎಂಬುದು ಮುಖ್ಯ. ಅದು ಸಂವಿಧಾನದಿಂದಲೇ ಬಂದಿರಬೇಕು. ಕೇಂದ್ರ ತನ್ನ ಸಾಮಾನ್ಯ ಕಾನೂನಿನಿಂದ ಅದನ್ನು ಕಿತ್ತುಕೊಳ್ಳಲು ಆಗಬಾರದು.

ಬ್ರಿಟನ್ ನೋಡಿ. ಸ್ಕಾಟ್ಲೆಂಡ್‌ಗೆ 1999ರಿಂದ ತನ್ನದೇ ಸಂಸತ್ತು ಇದೆ. ಶಿಕ್ಷಣ, ಆರೋಗ್ಯ ಎಲ್ಲ ಅದರ ಕೈಯಲ್ಲೇ ಇದೆ. ಆದರೂ ಬ್ರಿಟನ್ ಒಕ್ಕೂಟ ಅಲ್ಲ. ಯಾಕೆಂದರೆ ಆ ಅಧಿಕಾರ ಲಂಡನ್ ಸಂಸತ್ತಿನ 1998ರ ಒಂದು ಕಾಯ್ದೆಯಿಂದ ಬಂದದ್ದು. ಕಾನೂನಿನ ಲೆಕ್ಕದಲ್ಲಿ ಕೊಟ್ಟವರು ವಾಪಸ್ ತೆಗೆದುಕೊಳ್ಳಬಹುದು. ರಾಜಕೀಯವಾಗಿ ಅದು ಕಷ್ಟ, ಆದರೆ ಕಾನೂನಿನ ತಡೆ ಇಲ್ಲ. ಜರ್ಮನಿಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ದೇಶ ರಾಜ್ಯಗಳಾಗಿ ವಿಂಗಡಣೆ ಆಗಿರುವುದನ್ನು ಸಂವಿಧಾನ ತಿದ್ದುಪಡಿಯಿಂದಲೂ ಅಳಿಸುವಂತಿಲ್ಲ ಎಂದು ಅವರ 1949ರ ಸಂವಿಧಾನವೇ ಹೇಳುತ್ತದೆ. ಹಿಟ್ಲರ್ ಕಾಲದಲ್ಲಿ ರಾಜ್ಯಗಳನ್ನು ಹೊಸಕಿ ಹಾಕಿದ್ದನ್ನು ಕಂಡವರು ಬರೆದ ನಿಯಮ ಅದು.

ರಾಜ್ಯಗಳಿಗೇ ಎಲ್ಲ ಅಧಿಕಾರ ಕೊಟ್ಟು, ಕೇಂದ್ರವನ್ನು ಹೆಸರಿಗಷ್ಟೇ ಇಟ್ಟರೆ ಆಗಲ್ವಾ?

ಅಮೆರಿಕ ಇದನ್ನು ಮಾಡಿ ನೋಡಿದೆ. ಸ್ವಾತಂತ್ರ್ಯ ಘೋಷಿಸಿದ ಮೇಲೆ 13 ರಾಜ್ಯಗಳು ಒಂದು ಒಪ್ಪಂದ ಮಾಡಿಕೊಂಡವು. 1781ರಿಂದ ಅದು ಜಾರಿಗೆ ಬಂತು. ಅದರಲ್ಲಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳ ಮುಂದೆ ಕೈ ಚಾಚಬೇಕಿತ್ತು. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಯುದ್ಧದ ಸಾಲ ತೀರಿಸಲು ಆಮದಿನ ಮೇಲೆ ಶೇ 5 ಸುಂಕ ಹಾಕೋಣ ಎಂಬ ಪ್ರಸ್ತಾಪ ಬಂತು. ಒಪ್ಪಂದ ಬದಲಿಸಲು ಎಲ್ಲ ರಾಜ್ಯಗಳ ಒಪ್ಪಿಗೆ ಬೇಕಿತ್ತು. ತೀರಾ ಚಿಕ್ಕ ರಾಜ್ಯ ರೋಡ್ ಐಲೆಂಡ್ ಒಂದೇ ಬೇಡ ಎಂದದ್ದಕ್ಕೆ 1782ರಲ್ಲಿ ಅದು ಬಿದ್ದುಹೋಯಿತು. 1786ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಸಾಲದ ಸುಳಿಗೆ ಸಿಕ್ಕ ರೈತರು ದಂಗೆ ಎದ್ದಾಗ ಕೇಂದ್ರದ ಬಳಿ ಕಳುಹಿಸಲು ಸೈನ್ಯವೂ ಇರಲಿಲ್ಲ, ಸೈನ್ಯ ಕಟ್ಟಲು ಹಣವೂ ಇರಲಿಲ್ಲ. ಮರು ವರ್ಷ ಫಿಲಡೆಲ್ಫಿಯಾದಲ್ಲಿ ಸೇರಿ ಹೊಸ ಸಂವಿಧಾನ ಬರೆದರು.

ಹಣ ಇಲ್ಲದ ಸರ್ಕಾರಕ್ಕೆ ಎಷ್ಟು ಅಧಿಕಾರ ಬರೆದುಕೊಟ್ಟರೂ ಅದು ಕಾಗದದ ಮೇಲೆ ಮಾತ್ರ. ಇವತ್ತು ಈ ಸ್ಥಿತಿಯಲ್ಲಿ ಇರುವುದು ಹೆಚ್ಚಾಗಿ ರಾಜ್ಯಗಳು.

ಯಾವ ಅಧಿಕಾರ ಯಾರಿಗೆ ಅಂತ ಹೇಗೆ ಹಂಚುತ್ತಾರೆ?

ರಕ್ಷಣೆ, ವಿದೇಶಾಂಗ, ನಾಣ್ಯ ಹೆಚ್ಚುಕಮ್ಮಿ ಎಲ್ಲ ಕಡೆಯೂ ಕೇಂದ್ರದ್ದು. ಶಾಲೆ, ಆಸ್ಪತ್ರೆ, ಪೊಲೀಸ್, ಭೂಮಿ ಸಾಮಾನ್ಯವಾಗಿ ರಾಜ್ಯದ್ದು. ಬರೆಯುವ ರೀತಿ ಮಾತ್ರ ಬೇರೆ ಬೇರೆ. ಅಮೆರಿಕ ಕೇಂದ್ರದ ಅಧಿಕಾರಗಳನ್ನು ಮಾತ್ರ ಎಣಿಸಿ, ಉಳಿದದ್ದೆಲ್ಲ ರಾಜ್ಯಗಳಿಗೆ ಅಥವಾ ಜನರಿಗೆ ಎಂದಿತು. 1791ರ ಹತ್ತನೇ ತಿದ್ದುಪಡಿ ಹೇಳುವುದು ಇದನ್ನೇ. ಕೆನಡಾ 1867ರಲ್ಲಿ ಎರಡು ಪಟ್ಟಿ ಮಾಡಿತು. ಭಾರತ ಮೂರು ಪಟ್ಟಿ ಮಾಡಿತು. ಮೊದಲು ಬರೆದಾಗ ಕೇಂದ್ರ ಪಟ್ಟಿಯಲ್ಲಿ 97, ರಾಜ್ಯ ಪಟ್ಟಿಯಲ್ಲಿ 66, ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿ 47 ವಿಷಯಗಳಿದ್ದವು.

ಯಾವ ಪಟ್ಟಿಗೂ ಸೇರದ ಹೊಸ ವಿಷಯ ಬಂದರೆ ಅದು ಯಾರದು ಎಂಬುದೂ ಗಮನಿಸಬೇಕಾದ ಸಂಗತಿ. ಅಮೆರಿಕ, ಆಸ್ಟ್ರೇಲಿಯಾ, ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಉಳಿಕೆ ಅಧಿಕಾರ ರಾಜ್ಯಗಳದ್ದು. ಭಾರತ ಮತ್ತು ಕೆನಡಾದಲ್ಲಿ ಕೇಂದ್ರದ್ದು.

ಪಟ್ಟಿಗಳು ಕಲ್ಲಿನ ಮೇಲೆ ಕೆತ್ತಿದ್ದೇನೂ ಅಲ್ಲ. ಭಾರತದಲ್ಲಿ ಶಿಕ್ಷಣ ಮತ್ತು ಅರಣ್ಯ ಮೊದಲು ರಾಜ್ಯ ಪಟ್ಟಿಯಲ್ಲಿದ್ದವು. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, 42ನೇ ತಿದ್ದುಪಡಿ ಅವನ್ನು ಸಮವರ್ತಿ ಪಟ್ಟಿಗೆ ಹಾಕಿತು. ವಿರೋಧ ಪಕ್ಷದ ಎಷ್ಟೋ ನಾಯಕರು ಆಗ ಜೈಲಿನಲ್ಲಿದ್ದರು. ಇಷ್ಟು ದೊಡ್ಡ ಬದಲಾವಣೆ ಅಂಥ ಹೊತ್ತಿನಲ್ಲಿ ಆಗಬಾರದಿತ್ತು ಎಂದೇ ನನ್ನ ಅಭಿಪ್ರಾಯ.

ಒಂದೇ ವಿಷಯಕ್ಕೆ ಇಬ್ಬರೂ ಕಾನೂನು ಮಾಡಿದರೆ ಯಾವುದು ನಿಲ್ಲುತ್ತದೆ?

ಸಾಮಾನ್ಯವಾಗಿ ಕೇಂದ್ರದ್ದು. ಆದರೆ ಭಾರತದ ಸಂವಿಧಾನದಲ್ಲಿ ಒಂದು ಸಂದು ಇದೆ. ಸಮವರ್ತಿ ಪಟ್ಟಿಯ ವಿಷಯದಲ್ಲಿ ರಾಜ್ಯದ ಕಾನೂನಿಗೆ ರಾಷ್ಟ್ರಪತಿ ಒಪ್ಪಿಗೆ ಸಿಕ್ಕರೆ, ಆ ರಾಜ್ಯದ ಮಟ್ಟಿಗೆ ಅದೇ ನಿಲ್ಲುತ್ತದೆ. ಕಂಬಳ ಉಳಿದದ್ದು ಹೀಗೆ. ಪ್ರಾಣಿ ಹಿಂಸೆ ತಡೆ ಸಮವರ್ತಿ ಪಟ್ಟಿಯ ವಿಷಯ. ಕೇಂದ್ರದ 1960ರ ಕಾಯ್ದೆ ಅಡ್ಡ ಬರುತ್ತಿತ್ತು. 2017ರಲ್ಲಿ ತಮಿಳುನಾಡು ಜಲ್ಲಿಕಟ್ಟಿಗೆ, ಕರ್ನಾಟಕ ಕಂಬಳಕ್ಕೆ ತಿದ್ದುಪಡಿ ತಂದವು. ರಾಷ್ಟ್ರಪತಿ ಒಪ್ಪಿಗೆ ಸಿಕ್ಕಿತು. 2023ರಲ್ಲಿ ಸುಪ್ರೀಂ ಕೋರ್ಟ್‌ನ ಐವರ ಪೀಠ ಅವನ್ನು ಎತ್ತಿ ಹಿಡಿಯಿತು. ಒಂದು ಮಾತು ನೆನಪಿರಲಿ. ರಾಷ್ಟ್ರಪತಿ ಒಪ್ಪಿಗೆ ಅಂದರೆ ಕೇಂದ್ರ ಸಂಪುಟದ ಒಪ್ಪಿಗೆ ಎಂದೇ ಅರ್ಥ. ಬಾಗಿಲು ಇದೆ, ಬೀಗದ ಕೈ ಮಾತ್ರ ಕೇಂದ್ರದ ಬಳಿ ಇದೆ.

ಅಮೆರಿಕದಲ್ಲಿ ಗಾಂಜಾ ವಿಷಯ ಇನ್ನೂ ವಿಚಿತ್ರ. ಕೇಂದ್ರದ ಕಾನೂನಿನ ಪ್ರಕಾರ ಅದು ನಿಷಿದ್ಧ. ಕ್ಯಾಲಿಫೋರ್ನಿಯಾ 1996ರಲ್ಲೇ ಚಿಕಿತ್ಸೆಗೆ ಬಿಟ್ಟಿತು. ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳು 2012ರಲ್ಲಿ ಸಾಮಾನ್ಯ ಬಳಕೆಗೂ ಬಿಟ್ಟವು. ಕೇಂದ್ರದ ಕಾನೂನೇ ಮೇಲು ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರೂ ಅಂಗಡಿಗಳು ನಡೆಯುತ್ತಿವೆ. ಕಾರಣ, ರಾಜ್ಯದ ಅಧಿಕಾರಿಗಳನ್ನು ಕೇಂದ್ರ ತನ್ನ ಕೆಲಸಕ್ಕೆ ಬಲವಂತವಾಗಿ ಹಚ್ಚುವಂತಿಲ್ಲ. ಬಂದೂಕು ಕೊಳ್ಳುವವರ ಹಿನ್ನೆಲೆ ಪರಿಶೀಲಿಸುವ ಕೆಲಸವನ್ನು ಸ್ಥಳೀಯ ಪೊಲೀಸ್ ಅಧಿಕಾರಿಗಳಾದ ಶೆರಿಫ್‌ಗಳ ಮೇಲೆ ಹಾಕಿದ್ದ ಕಾನೂನಿನ ಭಾಗವನ್ನು 1997ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೊಡೆದು ಹಾಕಿತು. ಇನ್ನು ದೇಶದ ಪ್ರತಿ ಊರಿನ ಮೇಲೂ ಕಣ್ಣಿಡುವಷ್ಟು ಪೊಲೀಸರು ಕೇಂದ್ರದ ಬಳಿ ಇಲ್ಲ.

ತೀರ್ಪು ಕೊಡುವ ಕೋರ್ಟ್ ಕೇಂದ್ರದ್ದೇ ಅಲ್ವಾ? ರಾಜ್ಯಗಳಿಗೆ ನ್ಯಾಯ ಸಿಗುತ್ತದಾ?

ಅನುಮಾನ ಸಹಜ. ಸಂವಿಧಾನದ ಒಂದೇ ಸಾಲು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಅರ್ಥ ಕೊಟ್ಟಿರುವುದೂ ನಿಜ. ಅಮೆರಿಕದ ಕೇಂದ್ರಕ್ಕೆ ರಾಜ್ಯಗಳ ನಡುವಿನ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರ ಇದೆ. ಓಹಿಯೊದ ಒಬ್ಬ ರೈತ ಕೇಂದ್ರ ಹಾಕಿದ್ದ ಕೋಟಾ ಮೀರಿ ಗೋಧಿ ಬೆಳೆದ. ಅದು ನನ್ನ ಜಮೀನಿನಲ್ಲೇ ಬಳಸಲು, ಮಾರಲು ಅಲ್ಲ ಎಂದ. 1942ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹೀಗೆ ಎಲ್ಲರೂ ತಮಗೆ ತಾವೇ ಬೆಳೆದುಕೊಂಡರೆ ದೇಶದ ಗೋಧಿ ಮಾರುಕಟ್ಟೆಗೆ ಪೆಟ್ಟು ಬೀಳುತ್ತದೆ, ಹಾಗಾಗಿ ಇದೂ ವ್ಯಾಪಾರವೇ ಎಂದಿತು. ಆ ಲೆಕ್ಕದಲ್ಲಿ ಯಾವುದು ತಾನೇ ವ್ಯಾಪಾರ ಅಲ್ಲ? ಅರ್ಧ ಶತಮಾನ ಕಳೆದು 1995ರಲ್ಲಿ, ಶಾಲೆ ಹತ್ತಿರ ಬಂದೂಕು ಇಟ್ಟುಕೊಳ್ಳುವುದು ವ್ಯಾಪಾರ ಅಲ್ಲ ಎಂದು ಅದೇ ಕೋರ್ಟ್ ಕೇಂದ್ರಕ್ಕೆ ಗೆರೆ ಎಳೆಯಿತು.

ಕೆನಡಾದಲ್ಲಿ ಆದದ್ದು ಇದಕ್ಕೆ ಉಲ್ಟಾ. ಬಲವಾದ ಕೇಂದ್ರ ಇರಲಿ ಎಂದು ಬರೆದ ಸಂವಿಧಾನ ಅದು. ಆದರೆ ಅಂತಿಮ ಮೇಲ್ಮನವಿ 1949ರವರೆಗೂ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಗುತ್ತಿತ್ತು. ಅಲ್ಲಿನ ನ್ಯಾಯಾಧೀಶರು ತೀರ್ಪಿನ ಮೇಲೆ ತೀರ್ಪು ಕೊಟ್ಟು ಪ್ರಾಂತ್ಯಗಳ ಕೈ ಬಲಪಡಿಸಿದರು. ಬರೆದವರ ಉದ್ದೇಶಕ್ಕಿಂತ ಓದುವವರ ನಿಲುವೇ ದೊಡ್ಡದಾಯಿತು.

ಹಣದ ವಿಷಯ ಅಷ್ಟು ಮುಖ್ಯ ಯಾಕೆ?

ಖರ್ಚು ಒಂದು ಕಡೆ, ಆದಾಯ ಇನ್ನೊಂದು ಕಡೆ ಇರುವುದರಿಂದ.

ಜನರ ದಿನನಿತ್ಯದ ಕೆಲಸ ಎಲ್ಲ ರಾಜ್ಯದ ತಲೆ ಮೇಲೆ. ಮೇಷ್ಟ್ರ ಸಂಬಳ, ನರ್ಸ್ ಸಂಬಳ, ಪೊಲೀಸ್ ಠಾಣೆ, ನೀರಾವರಿ, ರಸ್ತೆ. ಈ ಖರ್ಚು ಪ್ರತಿ ವರ್ಷ ಏರುತ್ತದೆ. ಆದರೆ ಆರ್ಥಿಕತೆ ಬೆಳೆದಂತೆ ತಾನಾಗಿ ಬೆಳೆಯುವ ತೆರಿಗೆಗಳು, ಅಂದರೆ ಆದಾಯ ತೆರಿಗೆ, ಕಂಪನಿ ತೆರಿಗೆ, ಆಮದು ಸುಂಕ, ಬಹುತೇಕ ಕೇಂದ್ರದ ಬಳಿ ಇರುತ್ತವೆ. ಇದಕ್ಕೆ ಕಾರಣವೂ ಇದೆ. ಒಂದು ರಾಜ್ಯ ಕಂಪನಿ ತೆರಿಗೆ ಏರಿಸಿದರೆ ಕಂಪನಿ ಪಕ್ಕದ ರಾಜ್ಯಕ್ಕೆ ಹೋಗುತ್ತದೆ. ದೇಶಕ್ಕೆಲ್ಲ ಒಂದೇ ದರ ಇದ್ದರೆ ಆ ತೊಂದರೆ ಇಲ್ಲ. ಹಾಗಾಗಿ ಕೇಂದ್ರ ವಸೂಲಿ ಮಾಡುವುದು ತಪ್ಪಲ್ಲ. ಆ ಹಣ ಕೆಳಗೆ ಬರುವುದು ಹಕ್ಕಾಗಿಯೋ, ದಯೆಯಾಗಿಯೋ? ಜಗಳ ಇರುವುದು ಅಲ್ಲಿ.

ಆಸ್ಟ್ರೇಲಿಯಾದ ಕಥೆ ಕೇಳಿ. ಅಲ್ಲಿ ರಾಜ್ಯಗಳೂ ಆದಾಯ ತೆರಿಗೆ ಹಾಕುತ್ತಿದ್ದವು. 1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಕೇಂದ್ರ ತನ್ನ ದರವನ್ನು ವಿಪರೀತ ಏರಿಸಿತು. ನೀವು ಆದಾಯ ತೆರಿಗೆ ಹಾಕುವುದನ್ನು ಬಿಟ್ಟರೆ ಅನುದಾನ ಕೊಡುತ್ತೇವೆ ಎಂದಿತು. ರಾಜ್ಯಗಳು ಕೋರ್ಟ್‌ಗೆ ಹೋದವು, ಸೋತವು. ಯುದ್ಧ 1945ರಲ್ಲಿ ಮುಗಿಯಿತು. ಆದಾಯ ತೆರಿಗೆ ಮಾತ್ರ ರಾಜ್ಯಗಳ ಕೈಗೆ ಮತ್ತೆ ಬರಲಿಲ್ಲ. ಸಂವಿಧಾನದಲ್ಲಿ ಒಂದು ಅಕ್ಷರ ಬದಲಾಗದೆ ದೇಶದ ಅಧಿಕಾರದ ಸಮತೋಲನವೇ ಬದಲಾಯಿತು.

ಸ್ವಿಟ್ಜರ್ಲೆಂಡ್ ಇನ್ನೊಂದು ತುದಿ. ಅಲ್ಲಿನ 26 ಕ್ಯಾಂಟನ್‌ಗಳು, ಅಂದರೆ ರಾಜ್ಯಗಳು, ಆದಾಯ ತೆರಿಗೆ ದರವನ್ನು ತಾವೇ ನಿಗದಿ ಮಾಡುತ್ತವೆ. ಕೇಂದ್ರಕ್ಕೆ ನೇರ ತೆರಿಗೆ ಮತ್ತು ವ್ಯಾಟ್ ಹಾಕುವ ಅಧಿಕಾರ ಇದೆ, ಆದರೆ ಅದಕ್ಕೆ ಅವಧಿ ಇದೆ! 2018ರಲ್ಲಿ ಜನಮತ ಕೇಳಿ ಅದನ್ನು 2035ರ ಕೊನೆಯವರೆಗೆ ಮುಂದುವರಿಸಿದರು. ತೆರಿಗೆ ಹಾಕಲು ಕೇಂದ್ರವೇ ಜನರ ಬಳಿ ಬಂದು ಮತ್ತೆ ಮತ್ತೆ ಅನುಮತಿ ಕೇಳಬೇಕು. ಓದಿದಾಗಲೆಲ್ಲ ನನಗೆ ಖುಷಿ ಕೊಡುವ ನಿಯಮ ಇದು.

ಜರ್ಮನಿಯದು ನಡುವಿನ ದಾರಿ. ವೈಯಕ್ತಿಕ ಆದಾಯ ತೆರಿಗೆಯಲ್ಲಿ ಕೇಂದ್ರಕ್ಕೆ ಶೇ 42.5, ರಾಜ್ಯಗಳಿಗೆ ಶೇ 42.5, ಸ್ಥಳೀಯ ಸಂಸ್ಥೆಗಳಿಗೆ ಶೇ 15. ಯಾರೂ ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ದರ ಬದಲಿಸಬೇಕಾದರೆ ರಾಜ್ಯಗಳ ಸದನದ ಒಪ್ಪಿಗೆಯೂ ಬೇಕು.

ಭಾರತದಲ್ಲಿ ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗ ಕೂತು ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ಹೇಳುತ್ತದೆ. 14ನೇ ಆಯೋಗ ರಾಜ್ಯಗಳ ಪಾಲನ್ನು ಶೇ 42ಕ್ಕೆ ಏರಿಸಿತು. ಜಮ್ಮು ಮತ್ತು ಕಾಶ್ಮೀರ ಕೇಂದ್ರಾಡಳಿತ ಪ್ರದೇಶ ಆದ ಮೇಲೆ 15ನೇ ಆಯೋಗ ಅದನ್ನು ಶೇ 41 ಮಾಡಿತು. ಕೇಳಲು ದೊಡ್ಡ ಪಾಲು. ಆದರೆ ತೆರಿಗೆಯ ಜೊತೆಗೆ ಹೆಚ್ಚುವರಿಯಾಗಿ ಸೆಸ್ ಮತ್ತು ಸರ್ಚಾರ್ಜ್ ಎಂದು ವಸೂಲಿ ಮಾಡಿದ ಹಣ ಈ ಹಂಚಿಕೆಗೆ ಬರುವುದೇ ಇಲ್ಲ. ಅದು ಪೂರ್ತಿ ಕೇಂದ್ರದ್ದು. ಒಂದು ತೆರಿಗೆಯನ್ನು ಇಳಿಸಿ, ಅಷ್ಟೇ ಮೊತ್ತದ ಸೆಸ್ ಹಾಕಿದರೆ ಜನ ಕಟ್ಟುವ ಹಣ ಅಷ್ಟೇ ಇರುತ್ತದೆ, ರಾಜ್ಯಕ್ಕೆ ಬರುವುದು ಕಡಿಮೆ ಆಗುತ್ತದೆ. ವಿಶೇಷ ಕಾರಣಕ್ಕೆ, ಸ್ವಲ್ಪ ಕಾಲಕ್ಕೆ ಸೆಸ್ ಹಾಕುವುದು ಸರಿ. ಅದೇ ಅಭ್ಯಾಸ ಆದರೆ ಶೇ 41 ಎಂಬ ಅಂಕಿಗೆ ಬೆಲೆ ಇರುವುದಿಲ್ಲ. ಯಾವ ಪಕ್ಷ ದೆಹಲಿಯಲ್ಲಿದ್ದರೂ ಈ ಮಾತು ಅನ್ವಯಿಸುತ್ತದೆ.

ಷರತ್ತು ಹಾಕಿ ಹಣ ಕೊಡುವುದರಲ್ಲಿ ತಪ್ಪೇನು? ಹಣ ಕೊಟ್ಟವರು ಲೆಕ್ಕ ಕೇಳಬಾರದಾ?

ಲೆಕ್ಕ ಕೇಳಲೇಬೇಕು. ಆದರೆ ಲೆಕ್ಕ ಕೇಳುವುದೇ ಬೇರೆ, ತನ್ನ ಅಧಿಕಾರದಲ್ಲಿ ಇಲ್ಲದ್ದನ್ನು ಹಣದ ಆಸೆ ತೋರಿಸಿ ಮಾಡಿಸುವುದೇ ಬೇರೆ.

ಅಮೆರಿಕದಲ್ಲಿ ಕುಡಿಯುವ ವಯಸ್ಸನ್ನು ನಿಗದಿ ಮಾಡುವುದು ರಾಜ್ಯಗಳ ಕೆಲಸ. 1984ರಲ್ಲಿ ಕೇಂದ್ರ ಒಂದು ಕಾನೂನು ಮಾಡಿತು. ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಶೇ 5 ಕಡಿತ, ಆಮೇಲೆ ಶೇ 10. ಸೌತ್ ಡಕೋಟಾ ಕೋರ್ಟ್‌ಗೆ ಹೋಯಿತು. ಇದು ಒತ್ತಡವೇ ಹೊರತು ಬಲವಂತ ಅಲ್ಲ ಎಂದು 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ 21ಕ್ಕೆ ಬಂದಿದ್ದವು. ಆದರೆ 2012ರಲ್ಲಿ ಬಡವರ ಆರೋಗ್ಯ ಯೋಜನೆ ಮೆಡಿಕೇಡ್ ವಿಷಯದಲ್ಲಿ ಅದೇ ಕೋರ್ಟ್ ಬೇರೆ ಮಾತಾಡಿತು. ಯೋಜನೆ ವಿಸ್ತರಿಸಲು ಒಪ್ಪದ ರಾಜ್ಯದ ಈಗಿರುವ ಅನುದಾನವನ್ನೂ ಪೂರ್ತಿ ಕಿತ್ತುಕೊಳ್ಳುತ್ತೇವೆ ಎಂದರೆ ಅದು ಬಲವಂತ ಎಂದಿತು. ಒತ್ತಡ ಎಲ್ಲಿ ಮುಗಿದು ಬಲವಂತ ಎಲ್ಲಿ ಶುರುವಾಗುತ್ತದೆ? ಶೇ 5 ಮತ್ತು ಶೇ 100ರ ನಡುವೆ ಎಲ್ಲೋ. ಗೆರೆ ಇಂಥಲ್ಲೇ ಇದೆ ಎಂದು ಕೋರ್ಟ್ ಹೇಳಲಿಲ್ಲ.

ಜಿಎಸ್‌ಟಿಯಿಂದ ರಾಜ್ಯಗಳ ಅಧಿಕಾರ ಹೋಯಿತು ಎನ್ನುವುದು ನಿಜವಾ?

ಅರ್ಧ ನಿಜ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ರಾಜ್ಯಗಳು ಮಾರಾಟ ತೆರಿಗೆ, ಪ್ರವೇಶ ತೆರಿಗೆ ಇತ್ಯಾದಿ ಬಿಟ್ಟುಕೊಟ್ಟವು. ಕೇಂದ್ರವೂ ಅಬಕಾರಿ ಸುಂಕದ ದೊಡ್ಡ ಭಾಗ ಮತ್ತು ಸೇವಾ ತೆರಿಗೆ ಬಿಟ್ಟಿತು. ದರ ತೀರ್ಮಾನಿಸುವುದು ಜಿಎಸ್‌ಟಿ ಮಂಡಳಿ. ಅದರಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ಎಲ್ಲ ರಾಜ್ಯಗಳಿಗೆ ಸೇರಿ ಮೂರನೇ ಎರಡು. ನಿರ್ಣಯಕ್ಕೆ ನಾಲ್ಕನೇ ಮೂರು ಬಹುಮತ ಬೇಕು. ಲೆಕ್ಕ ಹಾಕಿ ನೋಡಿ. ಕೇಂದ್ರ ಬೇಡ ಎಂದರೆ ಎಲ್ಲ ರಾಜ್ಯಗಳು ಒಟ್ಟಾದರೂ ಸಾಲದು. ಒಂದೇ ರಾಜ್ಯಕ್ಕೆ ಆ ಶಕ್ತಿ ಇಲ್ಲ.

ಮಂಡಳಿಯ ಶಿಫಾರಸಿಗೆ ಸಂಸತ್ತು ಮತ್ತು ಶಾಸನಸಭೆಗಳು ಕಟ್ಟುಬೀಳಬೇಕಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಒಬ್ಬೊಬ್ಬರೇ ದರ ಬದಲಿಸುತ್ತಾ ಹೋದರೆ ಜಿಎಸ್‌ಟಿಯೇ ಕುಸಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಇನ್ನೊಂದು ಕಡೆ, ಒಂದೇ ಮೇಜಿನ ಸುತ್ತ ಎಲ್ಲ ರಾಜ್ಯಗಳ ಮಂತ್ರಿಗಳು ಕೂತು ತೆರಿಗೆ ಚರ್ಚೆ ಮಾಡುವ ಜಾಗ ಮೊದಲು ಹೀಗೆ ಇರಲಿಲ್ಲ. ಅದು ಒಳ್ಳೆಯ ಬದಲಾವಣೆಯೇ.

ನಮ್ಮ ರಾಜ್ಯ ಜಾಸ್ತಿ ಕಟ್ಟಿ ಕಡಿಮೆ ಪಡೆಯುತ್ತದೆ. ಇದು ಅನ್ಯಾಯ ಅಲ್ವಾ?

ಶ್ರೀಮಂತ ರಾಜ್ಯ ಇರುವಲ್ಲೆಲ್ಲ ಈ ಮಾತು ಇದೆ. ಕೆನಡಾದಲ್ಲಿ ಆಲ್ಬರ್ಟಾ, ಜರ್ಮನಿಯಲ್ಲಿ ಬವೇರಿಯಾ, ಆಸ್ಟ್ರೇಲಿಯಾದಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾ, ಭಾರತದಲ್ಲಿ ಕರ್ನಾಟಕ, ತಮಿಳುನಾಡು, ಮಹಾರಾಷ್ಟ್ರ. ಬಡ ರಾಜ್ಯದ ಮಗುವಿಗೂ ಓದಲು ಶಾಲೆ ಬೇಕು ಎಂದು ಒಪ್ಪಿದರೆ, ಶ್ರೀಮಂತ ರಾಜ್ಯ ಸ್ವಲ್ಪ ಜಾಸ್ತಿ ಕೊಡಲೇಬೇಕು. ಬವೇರಿಯಾ ಇವತ್ತು ಜರ್ಮನಿಯ ದೊಡ್ಡ ಕೊಡುಗೈ. ಆದರೆ 1980ರ ದಶಕದವರೆಗೂ ಅದು ಬೇರೆ ರಾಜ್ಯಗಳಿಂದ ಹಣ ಪಡೆಯುತ್ತಿದ್ದ ರಾಜ್ಯ.

ಹಂಚುವುದು ಸರಿ ಎಂದ ಮಾತ್ರಕ್ಕೆ ಹಂಚುವ ಸೂತ್ರವೂ ಸರಿ ಎಂದೇನೂ ಅಲ್ಲ. ಭಾರತದ 15ನೇ ಆಯೋಗ ಶೇ 45 ತೂಕವನ್ನು ತಲಾ ಆದಾಯದ ಅಂತರಕ್ಕೇ, ಅಂದರೆ ಶ್ರೀಮಂತ ರಾಜ್ಯಕ್ಕಿಂತ ಎಷ್ಟು ಹಿಂದಿದೆ ಎಂಬುದಕ್ಕೇ ಕೊಟ್ಟಿತು. ರಾಜ್ಯದ ತೆರಿಗೆ ಸಂಗ್ರಹ ಪ್ರಯತ್ನಕ್ಕೆ ಶೇ 2.5 ಮಾತ್ರ. ಜನಸಂಖ್ಯೆಗೆ 1971ರ ಬದಲು 2011ರ ಲೆಕ್ಕ ಹಿಡಿಯಿತು. ಕುಟುಂಬ ಯೋಜನೆಯಲ್ಲಿ ಗೆದ್ದ ದಕ್ಷಿಣದ ರಾಜ್ಯಗಳಿಗೆ ಇದರಿಂದ ಹೊಡೆತ ಬೀಳಬಾರದೆಂದು ಜನಸಂಖ್ಯೆ ನಿಯಂತ್ರಣಕ್ಕೆ ಶೇ 12.5 ಇಟ್ಟಿತು. ಆದರೂ ಕರ್ನಾಟಕದ ಪಾಲು ಹಿಂದಿನ ಆಯೋಗ ಕೊಟ್ಟದ್ದಕ್ಕಿಂತ ತಗ್ಗಿತು. ಕೊಡುವವರಿಗೆ ಕೊಡುವ ಮನಸ್ಸು ಉಳಿಯಬೇಕು. ಅದಕ್ಕೆ ಸೂತ್ರ ತೆರೆದಂತಿರಬೇಕು, ಬದಲಾವಣೆ ನಿಧಾನಕ್ಕೆ ಆಗಬೇಕು.

ಮೇಲ್ಮನೆ ಇದೆಯಲ್ಲ? ಅಲ್ಲಿ ರಾಜ್ಯಗಳ ದನಿ ಇರುತ್ತದಲ್ಲ?

ಅದು ಆ ಮೇಲ್ಮನೆ ಹೇಗೆ ಕಟ್ಟಿದೆ ಎಂಬುದರ ಮೇಲೆ. ಜರ್ಮನಿಯ ಬುಂಡೆಸ್ರಾಟ್‌ನಲ್ಲಿ ಕೂರುವವರು ರಾಜ್ಯ ಸರ್ಕಾರದ ಮಂತ್ರಿಗಳೇ. ಒಂದು ರಾಜ್ಯದ ಮತಗಳೆಲ್ಲ ಒಟ್ಟಿಗೆ ಒಂದೇ ಕಡೆ ಬೀಳಬೇಕು. ಅಲ್ಲಿ ಕೇಳುವುದು ನಿಜವಾಗಿಯೂ ರಾಜ್ಯದ ದನಿ. ಅಮೆರಿಕದ ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಇಬ್ಬರು, ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ. ಮೊದಲು ರಾಜ್ಯದ ಶಾಸಕರು ಅವರನ್ನು ಆರಿಸುತ್ತಿದ್ದರು, 1913ರಿಂದ ಜನರೇ ಆರಿಸುತ್ತಾರೆ. ಕೆನಡಾದ ಸೆನೆಟ್‌ಗೆ ಪ್ರಧಾನಿ ಹೇಳಿದವರ ನೇಮಕ ಆಗುತ್ತದೆ. ಅದನ್ನು ಪ್ರಾಂತ್ಯಗಳ ಸದನ ಎನ್ನುವುದು ಕಷ್ಟ.

ರಾಜ್ಯಸಭೆಯ ಸದಸ್ಯರನ್ನು ಶಾಸಕರು ಆರಿಸುತ್ತಾರೆ. ಆದರೆ 2003ರಿಂದ ಆರಿಸುವ ರಾಜ್ಯದಲ್ಲಿ ವಾಸವಿರಬೇಕು ಎಂಬ ನಿಯಮ ಇಲ್ಲ. ಮತ ಬೀಳುವುದು ಪಕ್ಷದ ಮಾತಿನಂತೆ. ರಾಜ್ಯದ ಹಿತ ಒಂದು ಕಡೆ, ಪಕ್ಷದ ವಿಪ್ ಇನ್ನೊಂದು ಕಡೆ ಆದಾಗ ಯಾವುದು ಗೆಲ್ಲುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಕೇಂದ್ರ ಒಂದು ರಾಜ್ಯ ಸರ್ಕಾರವನ್ನೇ ವಜಾ ಮಾಡಬಹುದಾ?

ಅಮೆರಿಕದಲ್ಲಿ ಆಗುವುದಿಲ್ಲ. ಅಲ್ಲಿ ಗವರ್ನರ್ ಜನರಿಂದ ಆರಿಸಿ ಬಂದವರು. ಭಾರತದಲ್ಲಿ 356ನೇ ವಿಧಿ ಇದೆ. 1959ರಲ್ಲಿ ಕೇರಳದ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸರ್ಕಾರ ಬಹುಮತ ಇದ್ದೂ ಹೋಯಿತು. ಆಮೇಲೆ ಅದು ಅಭ್ಯಾಸವೇ ಆಯಿತು. ತುರ್ತು ಪರಿಸ್ಥಿತಿ ಮುಗಿದ ಮೇಲೆ ಗೆದ್ದ ಜನತಾ ಪಕ್ಷವೂ 1977ರಲ್ಲಿ ಕಾಂಗ್ರೆಸ್ ರಾಜ್ಯ ಸರ್ಕಾರಗಳನ್ನು ಕಿತ್ತಿತು, 1980ರಲ್ಲಿ ಮರಳಿ ಬಂದ ಕಾಂಗ್ರೆಸ್ ಅದೇ ಕೆಲಸ ಮಾಡಿತು.

1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಅವಕಾಶ ಕೊಡಲಿಲ್ಲ. ಅವರು ಕೋರ್ಟ್ ಮೆಟ್ಟಿಲು ಹತ್ತಿದರು. 1994ರ ಮಾರ್ಚ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ಬಹುಮತ ಇದೆಯೋ ಇಲ್ಲವೋ ಎಂದು ನೋಡಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ವಜಾ ಆದೇಶವನ್ನು ಕೋರ್ಟ್ ಪರಿಶೀಲಿಸಬಹುದು. ಬೊಮ್ಮಾಯಿ ಅವರಿಗೆ ಕುರ್ಚಿ ಮರಳಿ ಸಿಗಲಿಲ್ಲ. ಆದರೆ ಆ ತೀರ್ಪಿನ ನಂತರ 356ರ ಬಳಕೆ ತುಂಬಾ ಕಡಿಮೆ ಆಯಿತು. ಒಂದು ರಾಜ್ಯದ ಮೊಕದ್ದಮೆ ಇಡೀ ದೇಶದ ರಾಜ್ಯಗಳಿಗೆ ರಕ್ಷಣೆ ಕೊಟ್ಟ ಸಂದರ್ಭ ಇದು.

ಈಗ ಜಗಳ ಬೇರೆ ಕಡೆಗೆ ಹೋಗಿದೆ. ಶಾಸನಸಭೆ ಪಾಸು ಮಾಡಿದ ಮಸೂದೆಯನ್ನು ರಾಜ್ಯಪಾಲರು ಎಷ್ಟು ದಿನ ಇಟ್ಟುಕೊಳ್ಳಬಹುದು? 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಪ್ರಕರಣದಲ್ಲಿ ಇಬ್ಬರ ಪೀಠ ಗಡುವು ಹಾಕಿತು. ಅದೇ ನವೆಂಬರ್‌ನಲ್ಲಿ ರಾಷ್ಟ್ರಪತಿ ಕೇಳಿದ ಪ್ರಶ್ನೆಗೆ ಉತ್ತರಿಸಿದ ಐವರ ಪೀಠ, ಕೋರ್ಟ್ ಗಡುವು ಹಾಕಲಾಗದು, ಆದರೆ ಮಸೂದೆಯನ್ನು ಸುಮ್ನೆ ಕೊನೆಯಿಲ್ಲದೆ ಇಟ್ಟುಕೊಳ್ಳುವಂತೆಯೂ ಇಲ್ಲ ಎಂದಿತು. ಕೆನಡಾದಲ್ಲೂ ಪ್ರಾಂತ್ಯದ ಕಾನೂನನ್ನು ರದ್ದು ಮಾಡುವ ಅಧಿಕಾರ ಕೇಂದ್ರಕ್ಕೆ ಪುಸ್ತಕದಲ್ಲಿ ಇದೆ. 1943ರ ನಂತರ ಯಾರೂ ಅದನ್ನು ಮುಟ್ಟಿಲ್ಲ. ಬಳಸದೆ ಬಿಡುವುದೇ ಅಲ್ಲಿ ಸಂಪ್ರದಾಯ ಆಯಿತು. ನಮ್ಮಲ್ಲೂ ಹಾಗೆ ಆಗಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ರಾಜ್ಯದ ಗಡಿ ಬದಲಿಸಲು ಆ ರಾಜ್ಯದ ಒಪ್ಪಿಗೆ ಬೇಕಾ? ರಾಜ್ಯ ದೇಶ ಬಿಟ್ಟು ಹೋಗಬಹುದಾ?

ಅಮೆರಿಕದಲ್ಲಿ ಒಪ್ಪಿಗೆ ಬೇಕು. ಭಾರತದಲ್ಲಿ ಅಭಿಪ್ರಾಯ ಕೇಳಿದರೆ ಸಾಕು. 2014ರ ಜನವರಿಯಲ್ಲಿ ಆಂಧ್ರ ಪ್ರದೇಶದ ಶಾಸನಸಭೆ ವಿಭಜನೆ ಮಸೂದೆಯನ್ನು ತಿರಸ್ಕರಿಸಿತು. ಅದೇ ಜೂನ್‌ನಲ್ಲಿ ತೆಲಂಗಾಣ ಹುಟ್ಟಿತು.

ಬಿಟ್ಟು ಹೋಗುವುದನ್ನು ಹೆಚ್ಚಿನ ಸಂವಿಧಾನಗಳು ಒಪ್ಪುವುದಿಲ್ಲ. ಕೆನಡಾದ ಸುಪ್ರೀಂ ಕೋರ್ಟ್ 1998ರಲ್ಲಿ ಕೊಟ್ಟ ಉತ್ತರ ನನಗೆ ತುಂಬಾ ಪ್ರಬುದ್ಧ ಅನಿಸುತ್ತದೆ. 1995ರ ಜನಮತದಲ್ಲಿ ಕ್ವಿಬೆಕ್‌ನ ಶೇ 50.58 ಜನ ಬೇರೆಯಾಗುವುದು ಬೇಡ ಎಂದಿದ್ದರು. ಅಷ್ಟು ಕೂದಲೆಳೆ ಅಂತರ. ಕೋರ್ಟ್ ಹೇಳಿದ್ದು ಇಷ್ಟು: ಪ್ರಾಂತ್ಯ ತಾನೇ ತಾನಾಗಿ ಹೊರಟು ಹೋಗುವಂತಿಲ್ಲ. ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದವರು ಮಾತುಕತೆಗೆ ಕೂರಲೇಬೇಕು.

ಹಾಗಾದರೆ ರಾಜ್ಯಗಳಿಗೆ ಜಾಸ್ತಿ ಅಧಿಕಾರ ಇದ್ದಷ್ಟೂ ಒಳ್ಳೆಯದು ಅಂತಲಾ?

ಅಲ್ಲ. ಇದನ್ನು ಒತ್ತಿ ಹೇಳಬೇಕು. ಅಮೆರಿಕದಲ್ಲಿ ರಾಜ್ಯದ ಹಕ್ಕು ಎಂಬ ವಾದದ ಹಿಂದೆ ಮೊದಲು ಗುಲಾಮಗಿರಿ ಇತ್ತು, ಆಮೇಲೆ ವರ್ಣಭೇದ ಇತ್ತು. 1957ರಲ್ಲಿ ಅರ್ಕನ್ಸಾ ರಾಜ್ಯದ ಗವರ್ನರ್ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಲಿಟಲ್ ರಾಕ್‌ನ ಹೈಸ್ಕೂಲಿಗೆ ಕಾಲಿಡದಂತೆ ರಾಜ್ಯದ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್ ನಿಲ್ಲಿಸಿದರು. ಅಧ್ಯಕ್ಷ ಐಸೆನ್‌ಹೋವರ್ ಸೇನೆ ಕಳುಹಿಸಿದ ಮೇಲೆ ಮಕ್ಕಳು ಒಳಗೆ ಹೋದರು. ಸ್ವಿಟ್ಜರ್ಲೆಂಡ್‌ನ ಅಪೆನ್‌ಜೆಲ್ ಇನ್ನರ್‌ರೋಡನ್ ಕ್ಯಾಂಟನ್‌ನ ಗಂಡಸರು 1990ರಲ್ಲೂ ಹೆಂಗಸರಿಗೆ ಮತದ ಹಕ್ಕು ಬೇಡ ಎಂದರು. ಆ ವರ್ಷವೇ ದೇಶದ ಸರ್ವೋಚ್ಚ ನ್ಯಾಯಾಲಯ ಹಕ್ಕು ಕೊಡಿಸಿತು.

ಮೂಲಭೂತ ಹಕ್ಕುಗಳ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಅವು ದೇಶದ ಎಲ್ಲ ಮೂಲೆಯಲ್ಲೂ ಒಂದೇ ಆಗಿರಬೇಕು. ಶಾಲೆಯಲ್ಲಿ ಏನು ಕಲಿಸಬೇಕು, ಯಾವ ಬೆಳೆಗೆ ನೀರು ಬಿಡಬೇಕು ಎಂಬುದು ಬೇರೆ ಮಾತು.

ಹಲವು ರಾಜ್ಯ, ಹಲವು ನೀತಿ. ಇದರಿಂದ ದೇಶಕ್ಕೆ ಏನು ಲಾಭ?

ಒಂದು ಕಡೆ ಮಾಡಿ ನೋಡಿ, ಚೆನ್ನಾಗಿದ್ದರೆ ಎಲ್ಲ ಕಡೆ ತರಬಹುದು. ಕೆನಡಾದ ಸಸ್ಕ್ಯಾಚವಾನ್ ಪ್ರಾಂತ್ಯ 1947ರಲ್ಲಿ ಆಸ್ಪತ್ರೆ ವಿಮೆ, 1962ರಲ್ಲಿ ವೈದ್ಯರ ಶುಲ್ಕಕ್ಕೂ ಸರ್ಕಾರಿ ವಿಮೆ ತಂದಿತು. ವೈದ್ಯರು ಮುಷ್ಕರ ಹೂಡಿದರೂ ಪ್ರಾಂತ್ಯ ಬಗ್ಗಲಿಲ್ಲ. 1966ರಲ್ಲಿ ದೇಶವೇ ಅದನ್ನು ಕಾನೂನು ಮಾಡಿತು. ಮಹಾರಾಷ್ಟ್ರ 1970ರ ದಶಕದಲ್ಲಿ ಶುರು ಮಾಡಿದ ಉದ್ಯೋಗ ಖಾತರಿ 2005ರಲ್ಲಿ ದೇಶದ ಕಾನೂನಾಯಿತು. ತಮಿಳುನಾಡಿನ ಶಾಲೆ ಮಕ್ಕಳ ಮಧ್ಯಾಹ್ನದ ಊಟ ಇಡೀ ದೇಶಕ್ಕೆ ಹಬ್ಬಿತು. ದೆಹಲಿಯಲ್ಲಿ ಕೂತು ಇವನ್ನು ಒಮ್ಮೆಲೇ ಯೋಚಿಸಿ ಜಾರಿಗೆ ತರಲು ಧೈರ್ಯ ಸಾಲುತ್ತಿರಲಿಲ್ಲ.

ಯುದ್ಧ, ಸಾಂಕ್ರಾಮಿಕ ರೋಗ ಬಂದಾಗ?

ಅಧಿಕಾರ ಮೇಲಕ್ಕೆ ಹೋಗುತ್ತದೆ, ಕೆಳಗೆ ಇಳಿಯುವುದು ನಿಧಾನ. 2020ರಲ್ಲಿ ಅಮೆರಿಕದಲ್ಲಿ ಲಾಕ್‌ಡೌನ್ ಮಾಡಿದ್ದು ಗವರ್ನರ್‌ಗಳು. ಭಾರತದಲ್ಲಿ ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯಲ್ಲಿದ್ದರೂ ಕೇಂದ್ರ 2005ರ ವಿಪತ್ತು ನಿರ್ವಹಣಾ ಕಾಯ್ದೆ ಬಳಸಿ ಮಾರ್ಚ್ 25ರಿಂದ ದೇಶವನ್ನೇ ಮುಚ್ಚಿತು. ವೇಗ ಬೇಕಾದ ಹೊತ್ತು ಅದು, ಒಪ್ಪೋಣ. ಆದರೆ ಊರಿಗೆ ನಡೆದು ಹೊರಟ ಕಾರ್ಮಿಕರಿಗೆ ಊಟ, ನೆಲೆ, ಬಸ್ಸು ಹೊಂದಿಸಬೇಕಾದದ್ದು ರಾಜ್ಯಗಳು. ಅವರಿಗೆ ಮೊದಲೇ ಹೇಳಿ ತಯಾರಿಗೆ ಒಂದಿಷ್ಟು ದಿನ ಕೊಡಬೇಕಿತ್ತು.

ರಾಜ್ಯಗಳು ಕೇಂದ್ರದ ಮೇಲೆ ದೂರುತ್ತವೆ. ಪಂಚಾಯಿತಿ, ನಗರಸಭೆಗಳಿಗೆ ತಾವೇನು ಮಾಡುತ್ತವೆ?

ಕೇಳಲೇಬೇಕಾದ ಪ್ರಶ್ನೆ. ಅಮೆರಿಕದಲ್ಲಿ ನಗರಗಳ ಅಧಿಕಾರ ಪೂರ್ತಿ ರಾಜ್ಯ ಕೊಟ್ಟಷ್ಟು. ಬ್ರೆಜಿಲ್ ಮಾತ್ರ 1988ರ ಸಂವಿಧಾನದಲ್ಲಿ ನಗರಸಭೆಗಳನ್ನೂ ಒಕ್ಕೂಟದ ಅಂಗ ಎಂದು ಒಪ್ಪಿತು.

ಭಾರತದಲ್ಲಿ ಕರ್ನಾಟಕ ಒಂದು ಹೆಜ್ಜೆ ಮುಂದಿತ್ತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಮಂತ್ರಿ ಆಗಿದ್ದಾಗ 1983ರ ಕಾಯ್ದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ನಿಜವಾದ ಅಧಿಕಾರ ಕೊಟ್ಟಿತು, ಹೆಂಗಸರಿಗೆ ಶೇ 25 ಸ್ಥಾನ ಮೀಸಲಿಟ್ಟಿತು. ದೇಶದ 73ನೇ ತಿದ್ದುಪಡಿ ಬಂದದ್ದು ಅದಾಗಿ ಸುಮಾರು ಹತ್ತು ವರ್ಷಕ್ಕೆ. ಆ ತಿದ್ದುಪಡಿಯಲ್ಲಿ ಪಂಚಾಯಿತಿಗಳಿಗೆ 29 ವಿಷಯಗಳ ಪಟ್ಟಿ ಇದೆ. ಆದರೆ ಅವನ್ನು ರಾಜ್ಯಗಳು ಕೊಡಬಹುದು ಎಂದಷ್ಟೇ ಇದೆ, ಕೊಡಲೇಬೇಕು ಎಂದಿಲ್ಲ. ಹಾಗಾಗಿ ಎಷ್ಟೋ ರಾಜ್ಯಗಳು ಕೆಲಸ ಕೊಟ್ಟು ಹಣ ಇಟ್ಟುಕೊಂಡವು, ಇಲ್ಲವೇ ಹಣಕ್ಕೆ ಷರತ್ತು ಹಾಕಿದವು, ಚುನಾವಣೆ ಮುಂದೂಡಿ ಆಡಳಿತಾಧಿಕಾರಿಗಳನ್ನು ಕೂರಿಸಿದವು. ತೆರಿಗೆ ಪಾಲಿಗಾಗಿ ದೆಹಲಿಗೆ ಹೋಗಿ ಧರಣಿ ಕೂರುವ ಮುಖ್ಯಮಂತ್ರಿಗೆ ಅವರದೇ ರಾಜ್ಯದ ಗ್ರಾಮ ಪಂಚಾಯಿತಿ ಅಧ್ಯಕ್ಷರು ಅದೇ ಮನವಿ ಪತ್ರ ಕೊಡಬಹುದು. ಹೆಸರುಗಳನ್ನು ಮಾತ್ರ ಬದಲಿಸಿದರೆ ಸಾಕು.